ಬೋಳು ಕಾರಿಗೆ ಹೇಳಿದ ಕುಂದು

ನನ್ನ ನಾಲಿಗೆ ಚುರುಕು ಎಂದು ಊರಿಗೆಲ್ಲ ಗೊತ್ತು. ಬಾಳೆಗೊನೆ ಕೊಳ್ಳಲು ಬಂದ ವ್ಯಾಪಾರಿ ಕಾಯಿ ದಪ್ಪ ಬಂದಿಲ್ಲವಲ್ಲ ಎಂದು ರಾಗ ಎಳೆದರೆ ಸಾಕು, ದಪ್ಪ ಇರುವ ಕಡೆ ಹೋಗಿ ಕೊಂಡುಕೋ ಎಂದು ಗೊನೆಯನ್ನು ಒಳಗೆ ಎತ್ತಿಡುವವಳು ನಾನು. ಸೊಸೆಯಂದಿರು ಬೆನ್ನ ಹಿಂದೆ ನಗುತ್ತಾರೆ. ನಗಲಿ. ಬೇಕಾದ ವಸ್ತುವಿಗೆ ಕುಂದು ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಯಾಕೆ ಎಂದು ಇವರಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಈಗ ಹೇಳುತ್ತೇನೆ. ಅದಕ್ಕೆ ಕಾರಣ ಒಂದು ಕಾರು.

ನಮ್ಮದು ಕಂಬಂ ಕಣಿವೆಯಲ್ಲಿ ತಲೆತಲಾಂತರದಿಂದ ನೆಲೆನಿಂತ ಕನ್ನಡದ ಒಕ್ಕಲು ಮನೆತನ. ಮನೆ ಮಾರ್ಕಯನ್‌ಕೋಟ್ಟೈಯಲ್ಲಿ, ಬಾಳೆತೋಟ ಉತ್ತಮಪಾಳಯಂ ಹತ್ತಿರ ರಸ್ತೆ ಪಕ್ಕದಲ್ಲಿ. ಹೊಸಲಿನ ಆಚೆ ತಮಿಳು, ಈಚೆ ಕನ್ನಡ. ಅದೂ ಈಗ ಬರೆಯುತ್ತಿರುವ ಕನ್ನಡವಲ್ಲ. ಇದನ್ನು ನಾನು ಕೂದಲು ನರೆತ ಮೇಲೆ ಹಟಕ್ಕೆ ಬಿದ್ದು ಕಲಿತೆ. ನನ್ನನ್ನು ಕೊಟ್ಟದ್ದು ಹೊರಗಿನವರಿಗಲ್ಲ, ನನ್ನ ಅವ್ವನ ಅಣ್ಣನ ಮಗನಿಗೆ. ಹಾಗಾಗಿ ಮಾವ ಎಂಬ ಮನುಷ್ಯ ನನಗೆ ಹೊಸಬರಾಗಿರಲಿಲ್ಲ. ನಾನು ಹುಟ್ಟಿದಾಗಿನಿಂದ ಮಾಮ ಎಂದೇ ಕರೆಯುತ್ತಿದ್ದೆ, ಮದುವೆಯಾದ ಮೇಲೂ ಮಾಮ ಎಂದೇ ಕರೆದೆ.

ಮಾಮ ದನದ ಪಾರಖಿ. ಆಂಡಿಪಟ್ಟಿ ಸಂತೆಯಲ್ಲಿ ಎತ್ತು ಕೊಳ್ಳುವವರು ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಸುಳಿ ನೋಡಿ, ಗೊರಸು ನೋಡಿ, ಕೊನೆಗೆ ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದರು. ನಮ್ಮಲ್ಲಿ ದನ ಕೊಳ್ಳುವುದಕ್ಕೆ ಒಂದು ಕ್ರಮವಿದೆ. ಎತ್ತು ಮನಸ್ಸಿಗೆ ಬಂದ ಗಳಿಗೆಯಿಂದಲೇ ಅದನ್ನು ಹಳಿಯಬೇಕು. ಕೊಂಬು ಸೊಟ್ಟ, ಬಾಲ ಮೋಟು, ಇದನ್ನು ಕಟ್ಟಿದ ಮನೆ ಉದ್ಧಾರವಾಗುತ್ತದೆಯೇ ಎನ್ನಬೇಕು. ಯಾವುದು ತುಂಬ ಹಿಡಿಸಿತೋ ಅದಕ್ಕೇ ದೊಡ್ಡ ಕುಂದು. ದೃಷ್ಟಿಯೂ ತಾಕುವುದಿಲ್ಲ, ಬೆಲೆಯೂ ಏರುವುದಿಲ್ಲ. ಮಾರುವವನಿಗೂ ಇದು ಗೊತ್ತು. ಕುಂದು ಕೇಳಿದಷ್ಟೂ ಅವನು ಒಳಗೊಳಗೇ ಹಿಗ್ಗುತ್ತಾನೆ. ಹಳಿಯದೆ ‘ಚೆನ್ನಾಗಿದೆ, ಒಂದು ಕುಂದೂ ಇಲ್ಲ’ ಎಂದುಬಿಟ್ಟರೆ ನಮಗೆ ಬೇಡ, ಹಗ್ಗ ಬಿಚ್ಚಿಕೊಂಡು ಹೋಗು ಎಂದು ಅರ್ಥ.

ಇನ್ನು ಬೆಲೆಯನ್ನು ಬಾಯಲ್ಲಿ ಆಡುವಂತಿಲ್ಲ. ಹೆಗಲ ಟವೆಲನ್ನು ಕೈಮೇಲೆ ಹಾಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಒತ್ತಿ ಮಾತಾಡಬೇಕು. ಸುತ್ತ ಸಂತೆಯೇ ನೆರೆದಿದ್ದರೂ ಟವೆಲಿನ ಕೆಳಗಿನ ಮಾತು ಆ ಇಬ್ಬರಿಗೆ ಮಾತ್ರ. ನಾನು ಲಂಗ ಹಾಕುತ್ತಿದ್ದ ಕಾಲದಲ್ಲಿ ಮಾಮ ನನ್ನ ಕೈಯನ್ನೂ ಟವೆಲಿನ ಕೆಳಗೆ ಹಿಡಿದು, ಈಗ ಏನಂದೆ ಹೇಳು ನೋಡೋಣ ಎಂದು ಆಡಿಸುತ್ತಿದ್ದರು. ಆಮೇಲೆ ಅದೇ ಆಟವನ್ನು ನನ್ನ ಮಗನೊಂದಿಗೆ ಆಡಿದರು.

ನನ್ನ ಮಗ. ಹೆಸರು ಬರೆಯುವುದಿಲ್ಲ, ಬರೆದರೆ ಮುಂದೆ ಬರೆಯಲು ಆಗುವುದಿಲ್ಲ.

ಕುಮಿಳಿ ಬೆಟ್ಟದ ಏಲಕ್ಕಿ ತೋಟದಲ್ಲಿ ಒಬ್ಬ ಬಿಳಿ ದೊರೆ ಇದ್ದ. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾಗಿದ್ದರೂ ಬೆಟ್ಟದಲ್ಲಿ ಅಂಥವರು ಒಬ್ಬಿಬ್ಬರು ಉಳಿದಿದ್ದರು. ಅವನಿಗೊಂದು ಹಸಿರು ಕಾರು. ಓಟದ ಪಂದ್ಯಕ್ಕೆಂದು ಮಾಡಿದ ಹಳೆಯ ಕಾರಂತೆ. ಎರಡೇ ಸೀಟು, ಮೇಲೆ ಮುಚ್ಚಿಗೆ ಇಲ್ಲ, ಚಕ್ರಕ್ಕೆ ಸೈಕಲ್ಲಿನ ಹಾಗೆ ಕಡ್ಡಿಗಳು. ನಮ್ಮವರು ಅದನ್ನು ಬೋಳು ಕಾರು ಎನ್ನುತ್ತಿದ್ದರು. ಬೆಟ್ಟ ಇಳಿದು ಬರುವಷ್ಟರಲ್ಲಿ ಅದು ಕಾದು ಬುಸುಗುಡುತ್ತಿತ್ತು. ದೊರೆ ನಮ್ಮ ತೋಟದ ಪಂಪ್‌ಸೆಟ್ಟಿನ ಹತ್ತಿರ ನಿಲ್ಲಿಸಿ ನೀರು ತುಂಬಿಸಿಕೊಳ್ಳುತ್ತಿದ್ದ. ಮಗ ಬಾಳೆಯ ಮರೆಯಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ ದೊರೆ ಅವನನ್ನು ಎತ್ತಿ ಪಕ್ಕದಲ್ಲಿ ಕೂರಿಸಿಕೊಂಡು, ಹೊಳೆಯ ಸೇತುವೆಯವರೆಗೆ ಹೋಗಿ ಬಂದ. ನಾನು ರಸ್ತೆಯಲ್ಲೇ ನಿಂತಿದ್ದೆ. ಇಳಿದಾಗ ಮಗನ ಕೂದಲೆಲ್ಲ ನೆಟ್ಟಗೆ ನಿಂತಿತ್ತು, ಬಾಯಿ ತುಂಬ ನಗು. ಓಡಿ ಹೋಗಿದ್ದು ನನ್ನ ಹತ್ತಿರವಲ್ಲ, ತಾತನ ಹತ್ತಿರ.

“ಬಿದ್ದೋಗ್ತೀನಿ ಅಂತ ಬಾಗ್ಲನ್ನ ಕಚ್ಕೊಂಡಿದ್ದೆ ತಾತಾ. ಅದಕ್ಕೆ ನೋವೇ ಆಗ್ಲಿಲ್ಲ.”

ಕಾರಿನ ಬಾಗಿಲ ಅಂಚಿಗೆ ಮೆತ್ತಗೆ ತೊಗಲು ಹೊದಿಸಿರುತ್ತದೆ, ಅದನ್ನು ಕಚ್ಚಿದ್ದ. ದೊರೆಯ ಕಾರನ್ನು ಕಚ್ಚಿ ಬಂದೆಯಾ ಎಂದು ನಾನು ಬೆನ್ನಿಗೊಂದು ಬಿಟ್ಟೆ. ಮಾಮ ನನ್ನನ್ನು ತಡೆದು, ಮಗನ ತುಟಿ ಬಿಡಿಸಿ, ಕರುವಿಗೆ ನೋಡುವ ಹಾಗೆ ಹಲ್ಲು ನೋಡಿದರು. ಮೇಲಿನ ಮುಂದಿನ ಹಲ್ಲುಗಳ ನಡುವೆ ಅವನಿಗೆ ಅಗಲವಾದ ಸಂದಿಯಿತ್ತು. ಈ ಕರು ಕಳೆದುಹೋದರೆ ಯಾವ ಸಂತೆಯಲ್ಲೂ ಗುರುತು ಹಿಡಿಯುತ್ತೇನೆ ಎಂದು ಮಾಮ ನಕ್ಕರು.

ಆ ವರ್ಷವೇ ಊರಿಗೆ ಗಂಟಲಮಾರಿ ಬಂತು. ಮಗನನ್ನು ಎತ್ತಿಕೊಂಡು ತೇನಿಗೆ ಬಸ್ಸು ಹತ್ತಿದೆವು. ವೀರಪಾಂಡಿ ದಾಟುವ ಮೊದಲೇ ನನ್ನ ಮಡಿಲಲ್ಲಿ ಅವನ ಉಸಿರಾಟದ ಸದ್ದು ನಿಂತಿತು. ಬಸ್ಸು ಮಾತ್ರ ಹೋಗುತ್ತಲೇ ಇತ್ತು.

ಮಣ್ಣು ಮಾಡಿ ಬಂದ ದಿನವೇ ಮನೆಯ ಹಿರಿಯ ಹೆಂಗಸರು ಅವನ ಅಂಗಿ, ಬುಗುರಿ, ಹಾಲು ಕುಡಿಯುವ ಲೋಟ ಎಲ್ಲ ಆಚೆ ಹಾಕಿದರು. ಎಳೆ ಮಗು ಹೋದರೆ ಅದರ ವಸ್ತು ಮನೆಯಲ್ಲಿ ಇರಬಾರದಂತೆ, ಮತ್ತೆ ಮಡಿಲು ತುಂಬುವುದಿಲ್ಲವಂತೆ. ಫೋಟೋ ತೆಗೆಸಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅದನ್ನೂ ತೆಗೆಸಿರಲಿಲ್ಲ. ಫೋಟೋ ತೆಗೆಸದೆ ಉಳಿಸಿದ ಆಯುಸ್ಸು ಎಲ್ಲಿ ಹೋಯಿತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆಗ ನನಗೆ ಈ ನಾಲಿಗೆ ಇನ್ನೂ ಬಂದಿರಲಿಲ್ಲ.

ನನ್ನವರು ಮಾತು ಬಿಟ್ಟರು. ಊಟಕ್ಕೆ ಕರೆದರೆ ಬರುವುದು, ನೀರು ಹಾಯಿಸುವುದು, ಮಲಗುವುದು, ಅಷ್ಟೇ. ಹಾಗೆ ಬಹಳ ದಿನ ಕಳೆಯಿತು. ಒಂದು ಸಂಜೆ ನಮ್ಮ ಗೊನೆ ಒಯ್ಯುವ ಲಾರಿಯ ಡ್ರೈವರು ಬಂದು, ದೊರೆ ತೋಟ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದಾನೆ, ಹಡಗು ಹತ್ತುವವರೆಗೆ ದಿಂಡಿಗಲ್ಲಿನ ಬಾಡಿಗೆ ಬಂಗಲೆಯಲ್ಲಿ ಇರುತ್ತಾನೆ, ಬೋಳು ಕಾರು ಮಾರಾಟಕ್ಕಿದೆ ಎಂದ. ನನ್ನವರು ತಲೆ ಎತ್ತಿದರು. ಡ್ರೈವರು ಹೋದ ಮೇಲೆ ಅಡುಗೆಮನೆಗೆ ಬಂದು ನನ್ನ ಎದುರು ಕೂತರು.

“ಅವನ ಹಲ್ಲು ಆ ಬಾಗ್ಲಲ್ಲಿ ಐತೆ. ಅದನ್ನ ಮನೆಗೆ ತರಾಣ,” ಎಂದರು.

ಬೇರೆಯವರು ಕೇಳಿದ್ದರೆ ಇವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ನನಗೆ ಮಾತ್ರ ಅಷ್ಟು ದಿನ ಎದೆಯಲ್ಲಿ ಕಟ್ಟಿಕೊಂಡದ್ದು ಒಮ್ಮೆಲೇ ಒಡೆಯಿತು. ಸೌದೆ ಒಲೆಯ ಮುಂದೆ ಕೂತು ಇಬ್ಬರೂ ಅತ್ತೆವು. ಅವನದು ಎನ್ನುವ ಒಂದೇ ಒಂದು ಗುರುತು ಈ ಭೂಮಿಯ ಮೇಲೆ ಉಳಿದಿದ್ದರೆ ಅದು ಅಲ್ಲಿತ್ತು.

ಕಾಲಿರುವುದಾಗಲಿ ಚಕ್ರ ಇರುವುದಾಗಲಿ ಮಾಮ ನೋಡದೆ ನಮ್ಮ ಮನೆಗೆ ಬರುವಂತಿಲ್ಲ. ಬಾಳೆತೋಟದವನಿಗೆ ಬೋಳು ಕಾರು ಯಾತಕ್ಕೆ ಎಂದು ಅವರು ಕೇಳಲೇ ಇಲ್ಲ, ನನ್ನವರು ಹೇಳುವ ಮೊದಲೇ ತಿಳಿದುಕೊಂಡರು. ದೊರೆ ಒಳ್ಳೆಯವನು, ವಿಷಯ ಹೇಳಿಬಿಡೋಣ ಎಂದು ನನ್ನವರು ಅಂದಾಗ ಮಾತ್ರ ಗದರಿದರು.

“ಹೋದ ಕೂಸ್ನ ಮುಂದಿಟ್ಕೊಂಡು ಯಾವಾರ ಮಾಡ್ಬಾರ್ದು. ಯಾರೂ ಬಾಯಿ ಬಿಡ್ಬ್ಯಾಡಿ.”

ಆ ಮಾತಿನಲ್ಲಿ ಮರ್ಯಾದೆ ಇತ್ತು. ಈಗಲೂ ನಾನು ಅದನ್ನು ತಪ್ಪು ಎನ್ನಲಾರೆ. ಅದಕ್ಕೇ ನನ್ನ ಸಿಟ್ಟಿಗೆ ಇವತ್ತಿಗೂ ಇಳಿಯಲು ಜಾಗವಿಲ್ಲ.

ಮೂವರೂ ಬೆಳಗಿನ ಬಸ್ಸಿಗೆ ಹೊರಟು, ತೇನಿ, ಪೆರಿಯಕುಳಂ, ವತ್ತಲಗುಂಡು ದಾಟಿ ದಿಂಡಿಗಲ್ಲು ಮುಟ್ಟಿದೆವು. ಬಂಗಲೆಯ ತುಂಬ ಕಟ್ಟಿದ ಪೆಟ್ಟಿಗೆಗಳು. ಹಿತ್ತಲಲ್ಲಿ ಕೆಲಸದವರು ಬೇಡದ್ದನ್ನೆಲ್ಲ ಸುಡುತ್ತಿದ್ದರು. ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ದೊರೆ ಮುರುಕು ತಮಿಳಿನಲ್ಲಿ ನಮ್ಮನ್ನು ಬಾಯ್ತುಂಬ ಸ್ವಾಗತಿಸಿ, ನೀರು ಕೊಟ್ಟ ತೋಟದವರಲ್ಲವೇ ಎಂದ. ಎಲ್ಲಿ ಆ ಹುಡುಗ ಎಂದೂ ಕೇಳಿದ. ಮಾಮ ಥಟ್ಟನೆ, ಅವನು ಬಂದಿಲ್ಲ ಎಂದರು. ಸುಳ್ಳಂತೂ ಅಲ್ಲ.

ನನ್ನವರಿಗೆ ಪಂಪ್‌ಸೆಟ್ಟಿನ ಎಂಜಿನ್ನು ಬಿಚ್ಚಿ ಕಟ್ಟಿದ ಅಭ್ಯಾಸವಿತ್ತು. ಬಾನೆಟ್ಟು ಎತ್ತಿಸಿ, ಎಣ್ಣೆಯ ಕಡ್ಡಿ ಎಳೆದು, ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. ಕಾರು ಶುರು ಮಾಡಿಸಿ ಹಿಂದೆ ಹೋಗಿ ಹೊಗೆಯ ಬಣ್ಣ ನೋಡಿದರು. ಹೊಗೆ ನೀಲಿ ಇತ್ತು, ಎಣ್ಣೆ ಕುಡಿಯುತ್ತಿದೆ ಎಂದು ಅರ್ಥ. ನೆಲಕ್ಕೆ ಕೆನ್ನೆ ತಾಗುವ ಹಾಗೆ ಬಗ್ಗಿ ಅಡಿಯಲ್ಲಿ ತುಕ್ಕು ನೋಡಿದರು. ಮಾಮ ತಮ್ಮ ಕ್ರಮದಲ್ಲೇ ಹೋದರು. ಮುಂದೆ ನಿಂತು ನೋಡಿದರು, ಹಿಂದೆ ನಿಂತು ನೋಡಿದರು. ಎತ್ತಿನ ಪಕ್ಕೆಗೆ ತಟ್ಟುವ ಹಾಗೆ ತಟ್ಟಿದರು. ಚಕ್ರದ ಒಂದೊಂದು ಕಡ್ಡಿಗೂ ಊರುಗೋಲಿನಿಂದ ಮೀಟಿ, ಸಡಿಲವಾದದ್ದನ್ನು ಸದ್ದಿನಲ್ಲೇ ಹಿಡಿದರು. ಆ ಕಾರಿನ ಮೈಯೊಳಗೆ ಮರದ ಚೌಕಟ್ಟು ಇರುತ್ತದಂತೆ. ಗೆಣ್ಣಿನಿಂದ ಕುಟ್ಟಿ, ಬಲಗಡೆ ಗೆದ್ದಲು ತಿಂದಿದೆ ಎಂದರು. ಆಮೇಲೆ ದೊರೆಯನ್ನೇ ಕೂರಿಸಿ ಕಾರನ್ನು ಹಿಂದಕ್ಕೆ ನಡೆಸಿ ತೋರಿಸು ಎಂದರು. ಹಿಂದಕ್ಕೆ ನಡೆಯದ ಎತ್ತನ್ನು ಅವರು ಕೊಂಡವರೇ ಅಲ್ಲ. ದೊರೆ ನಗುತ್ತಾ ನಡೆಸಿ ತೋರಿಸಿದ. ಹೇಳಿದ ಕುಂದಿಗೆಲ್ಲ ‘ಆಮಾ, ಆಮಾ’ ಎಂದು ತಲೆಯಾಡಿಸುತ್ತಿದ್ದ.

ಕೊನೆಗೆ ಮಾಮ ಎಡಗಡೆಯ ಬಾಗಿಲು ತೆರೆದರು.

ನಾನು ಕೈಯಳತೆ ದೂರದಲ್ಲಿದ್ದೆ. ಕಂದು ತೊಗಲಿನ ಅಂಚಿನ ಮೇಲೆ, ಮೇಲಿನ ಹಲ್ಲು ಎರಡು ಈ ಕಡೆ, ಎರಡು ಆ ಕಡೆ, ನಡುವೆ ಸಂದಿ. ಸ್ಪಷ್ಟವಾಗಿ ಒತ್ತಿತ್ತು, ಈಗಷ್ಟೇ ಬಾಯಿ ತೆಗೆದ ಹಾಗೆ. ಕೈ ತಾನಾಗಿ ಮುಂದೆ ಹೋಯಿತು. ಮಾಮ ನನ್ನ ಕಡೆ ಒಂದು ನೋಟ ಬೀರಿದರು. ಬೇಕು ಎಂದು ತೋರಿಸಿಕೊಳ್ಳಬೇಡ ಎನ್ನುವ ನೋಟ, ಸಂತೆಯ ನೋಟ. ನಾನು ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡೆ.

ಮಾಮ ಹೆಬ್ಬೆರಳಿನಿಂದ ಆ ಗುರುತನ್ನು ಒಮ್ಮೆ ಸವರಿದರು. ಆಮೇಲೆ ಮುಖ ಹುಳ್ಳಗೆ ಮಾಡಿಕೊಂಡು, ಅಷ್ಟು ಹೊತ್ತು ಹೇಳಿದ ಯಾವ ಕುಂದಿಗೂ ಇಲ್ಲದ ಗಟ್ಟಿ ದನಿಯಲ್ಲಿ, ಇದೇನು ದೊರೆ, ನಾಯಿ ಕಚ್ಚಿದೆಯಾ, ನಾಯಿ ಎಂಜಲು ಮಾಡಿದ ಕಾರನ್ನು ಯಾವ ಮಾನವಂತ ಮನೆಗೆ ತರುತ್ತಾನೆ, ಉಳಿದದ್ದೆಲ್ಲ ಹೋಗಲಿ, ಇದೊಂದನ್ನು ಮಾತ್ರ ನೋಡಲಾಗುವುದಿಲ್ಲ ಎಂದು ತಮಿಳಿನಲ್ಲಿ ಹಳಿದರು. ಮಾಮ ಅಷ್ಟು ಹಳಿಯುವುದನ್ನು ನಾನು ಯಾವ ಸಂತೆಯಲ್ಲೂ ಕಂಡಿರಲಿಲ್ಲ. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತು ಎಂದರೆ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮಾಮನಿಗೆ ಅದು ಸಿಕ್ಕಿತು, ಅದಕ್ಕೇ ಇಷ್ಟು ಹಳಿಯುತ್ತಿದ್ದಾರೆ, ಇನ್ನು ಅದು ನಮ್ಮದೇ ಎಂದುಕೊಂಡೆ.

ದೊರೆಯ ಮುಖ ಸಪ್ಪೆಯಾಯಿತು. ಮಾಮ ಟವೆಲನ್ನು ಕೈಮೇಲೆ ಹಾಸಿ ಚಾಚಿದರು. ದೊರೆ ಸ್ವಲ್ಪ ಹೊತ್ತು ನೋಡಿ, ಟವೆಲಿನ ಕೆಳಗೆ ಕೈ ತೂರಿಸಿ, ಮಾಮನ ಕೈಯನ್ನು ಹಿಡಿದು ಜೋರಾಗಿ ಕುಲುಕಿದ. ನಮಗೆ ನಗು ತಡೆಯಲಾಗಲಿಲ್ಲ. ಮುಂದಿನ ವಾರ ಬನ್ನಿ, ಆಗ ಮುಗಿಸೋಣ ಎಂದ. ವ್ಯಾಪಾರ ಎರಡನೆಯ ಸಂತೆಗೆ ಹೋಗುವುದು ನಮ್ಮಲ್ಲೂ ಉಂಟು, ಒಪ್ಪಿಕೊಂಡು ಎದ್ದೆವು. ಮರಳುವ ಬಸ್ಸಿನಲ್ಲಿ ನನ್ನವರು ವತ್ತಲಗುಂಡಿನಲ್ಲಿ ಇಳಿದು ನನಗೆ ಮಲ್ಲಿಗೆ ತಂದರು. ಕಾರನ್ನು ಎಲ್ಲಿ ನಿಲ್ಲಿಸುವುದು, ಮಳೆಗೆ ಯಾವ ಕಡೆ ಚಪ್ಪರ ಹಾಕುವುದು ಎಂದು ಅಪ್ಪ ಮಗ ಊರು ಬರುವವರೆಗೆ ಮಾತಾಡಿದರು. ಮನೆಯಲ್ಲಿ ನಾನು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮತ್ತೆ ಹೋಗುವಾಗ ಅರಿಶಿನ, ಕುಂಕುಮ, ಚಕ್ರಕ್ಕೆ ನಿಂಬೆಹಣ್ಣು, ಒಂದು ಹಾರ ಕಟ್ಟಿಕೊಂಡು ಹೋದೆವು. ಕಾರು ದೂರದಿಂದಲೇ ಹೊಳೆಯುತ್ತಿತ್ತು. ದೊರೆ ಹಬ್ಬದ ದಿನದ ಹಾಗೆ ಓಡಾಡುತ್ತಿದ್ದ. ಚಕ್ರದ ಸಡಿಲ ಕಡ್ಡಿಗಳನ್ನು ಬಿಗಿಸಿದ್ದ. ಗೆದ್ದಲು ತಿಂದ ಮರ ಬದಲಿಸಿದ್ದ. ಆಮೇಲೆ, ಮದುಮಗಳನ್ನು ತೋರಿಸುವವನ ಹಾಗೆ, ಎಡಗಡೆಯ ಬಾಗಿಲನ್ನು ತಾನೇ ತೆರೆದ.

ಹೊಸ ತೊಗಲು. ಸೀಟು, ಬಾಗಿಲು, ಅಂಚು, ಎಲ್ಲ ಹೊಸದು. ಹಿರಿಯರು ಹೇಳಿದ್ದು ಸರಿ, ನಾಯಿ ಕಚ್ಚಿದ್ದನ್ನು ಕೊಡುವುದು ಮರ್ಯಾದೆಯಲ್ಲ, ಅದಕ್ಕೇ ಪೂರ್ತಿ ಬದಲಿಸಿದೆ ಎಂದ. ಅದಕ್ಕಾಗಿ ನೀವು ಹೆಚ್ಚು ಕೊಡುವುದೂ ಬೇಡ ಎಂದ.

ಮಾಮ ಬಗ್ಗಿ ಆ ಹೊಸ ತೊಗಲಿನ ಮೇಲೆ ಹೆಬ್ಬೆರಳು ಇಟ್ಟು, ಅಂಚಿನ ಈ ತುದಿಯಿಂದ ಆ ತುದಿಯವರೆಗೆ ಎಳೆದರು. ಮತ್ತೆ ಎಳೆದರು. ಹಲ್ಲು ಬಾರದ ಕರುವಿನ ಒಸಡು ಸವರಿ ನೋಡುವಾಗ ಹಾಗೆ ಮಾಡುತ್ತಿದ್ದರು. ಈಗ ಸರಿಯಾಯಿತೇ, ಇನ್ನೇನಾದರೂ ಕುಂದಿದೆಯೇ ಎಂದು ದೊರೆ ಕೇಳಿದ. ಮಾಮ ನೆಟ್ಟಗೆ ನಿಂತರು.

“ಚೆನ್ನಾಗೈತೆ ದೊರೆ. ಒಂದು ಕುಂದೂ ಇಲ್ಲ,” ಎಂದರು. ತಮಿಳು ಮರೆತು ನಮ್ಮ ಮಾತಿನಲ್ಲೇ ಅಂದರು.

ಮಾತು ತಿಳಿಯದಿದ್ದರೂ ದೊರೆ ಹೊಗಳಿಕೆ ಎಂದು ಹಿಗ್ಗಿದ. ಒಳಗೆ ಓಡಿ ಒಂದು ಬಿಳಿ ಟವೆಲು ತಂದ. ಯಾರನ್ನು ಕೇಳಿ ಕಲಿತಿದ್ದನೋ, ಅದನ್ನು ತನ್ನ ಕೈಮೇಲೆ ಸರಿಯಾಗಿ ಹಾಸಿಕೊಂಡು ಮಾಮನ ಮುಂದೆ ಚಾಚಿದ. ಮಾಮ ಆ ಟವೆಲನ್ನೇ ನೋಡುತ್ತ ನಿಂತರು, ಕೈ ಎತ್ತಲಿಲ್ಲ. ಆಗ ನನ್ನವರಿಗೆ ತಡೆಯಲಾಗಲಿಲ್ಲ. ಅದು ನಾಯಿಯಲ್ಲ ದೊರೆ, ನನ್ನ ಮಗ, ಅವನೀಗ ಇಲ್ಲ ಎಂದು ತಮಿಳಿನಲ್ಲಿ ಹೇಳಿಬಿಟ್ಟರು.

ದೊರೆ ಹಾಗೇ ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತ. ಟವೆಲು ಕೈಮೇಲೇ ಇತ್ತು. ಹೇಳಬಾರದಿತ್ತೇ, ಒಂದು ಮಾತು ಹೇಳಬಾರದಿತ್ತೇ ಎಂದು ಅದನ್ನೇ ಮತ್ತೆ ಮತ್ತೆ ಹೇಳಿದ. ಆಮೇಲೆ ಎದ್ದು ನಮ್ಮನ್ನು ಹಿತ್ತಲಿಗೆ ಓಡಿಸಿಕೊಂಡು ಹೋದ. ಹಳೆಯ ತೊಗಲನ್ನು ಉಳಿದ ಕಸದ ಜೊತೆ ಸುಟ್ಟಿದ್ದರು. ನನ್ನವರು ಕೋಲಿನಿಂದ ಬೂದಿ ಕೆದಕಿದರು, ದೊರೆ ಬರಿಗೈಯಿಂದ ಕೆದಕಿದ. ತೊಗಲಿಗೆ ಹೊಡೆಯುವ ಪುಟ್ಟ ಮೊಳೆಗಳು ಸಿಕ್ಕವು. ಬೇರೇನೂ ಇರಲಿಲ್ಲ.

ಕಾರನ್ನು ಸುಮ್ಮನೆ ತೆಗೆದುಕೊಂಡು ಹೋಗಿ, ಏನೂ ಕೊಡುವುದು ಬೇಡ ಎಂದು ದೊರೆ ಅಂಗಲಾಚಿದ. ನಾವು ಕೈಮುಗಿದು ಹೊರಬಂದೆವು. ಹಾರವನ್ನು ಗೇಟಿಗೆ ನೇತುಹಾಕಿದೆ. ಆ ಕಾರು ಯಾರ ಪಾಲಾಯಿತೋ ಗೊತ್ತಿಲ್ಲ, ಕೇಳಲೂ ಇಲ್ಲ.

ಬಸ್ಸಿನಲ್ಲಿ ನನ್ನವರು ಹಿಂದೆ ಒಬ್ಬರೇ ಕೂತು ಕಿಟಕಿಗೆ ತಲೆ ಒರಗಿಸಿಕೊಂಡರು. ಮಾಮ ನನ್ನ ಪಕ್ಕದಲ್ಲಿ ಕೂತರು. ಈ ಮುದುಕನ ಬಾಯಿಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಬೈದೆ. ನನ್ನನ್ನೂ ಬೈದುಕೊಂಡೆ. ಕೈಯಳತೆಯಲ್ಲಿತ್ತು, ಬೆಲೆ ಏರೀತು ಎಂದು ಮುಟ್ಟದೆ ಬಂದೆ. ತಾಯಿಯಾಗಿ ಮುಟ್ಟದೆ ಬಂದೆ. ವತ್ತಲಗುಂಡು ಹೋಯಿತು, ಪೆರಿಯಕುಳಂ ಹೋಯಿತು. ತೇನಿ ಬಿಟ್ಟ ಮೇಲೆ ಮಾಮ ಮೆಲ್ಲಗೆ ಹೇಳಿದರು.

“ನೋಡಿದ ಕೂಡ್ಲೆ ಬೇಕು ಅನ್ನಿಸ್ತು ತಾಯಿ. ಜಲ್ಮದಾಗೆ ಯಾವ್ದೂ ಅಷ್ಟು ಬೇಕು ಅನ್ನಿಸಿರ್ಲಿಲ್ಲ. ಅದಕ್ಕೇ ಅಂಗಂದ್ಬಿಟ್ಟೆ.”

ಬಸ್ಸು ವೀರಪಾಂಡಿಗೆ ಬಂದಿತ್ತು, ನನ್ನ ಮಡಿಲು ಬರಿದಾಗಿತ್ತು. ಮಾಮ ಹೆಗಲ ಟವೆಲು ತೆಗೆದು ತಮ್ಮ ಕೈಮೇಲೆ ಹಾಸಿ, ನನ್ನ ಕಡೆ ಚಾಚಿದರು. ಸಣ್ಣವಳಿದ್ದಾಗಿನ ಅಭ್ಯಾಸಕ್ಕೆ ನನ್ನ ಕೈ ಅದರ ಕೆಳಗೆ ಹೋಯಿತು. ಮಾಮ ನನ್ನ ಅಂಗೈಯನ್ನು ಬಿಡಿಸಿ, ನಾಲ್ಕು ಬೆರಳ ಉಗುರನ್ನು ಅದರ ಮೇಲೆ ಇಟ್ಟರು. ಎರಡು ಈ ಕಡೆ, ಎರಡು ಆ ಕಡೆ, ನಡುವೆ ಸಂದಿ. ಇಟ್ಟು, ನನಗೆ ನೋಯುವಷ್ಟು ಒತ್ತಿ ಹಿಡಿದರು, ಊರು ಬರುವವರೆಗೂ ಬಿಡಲಿಲ್ಲ.